ಬಿಳಿ ಕಲ್ಲು ನೇರಳೆಯಾಗಲಿ: ಅಕ್ವೇರಿಯಂನಲ್ಲಿ ಕೋರಲೈನ್ ಪಾಚಿ ಬೆಳೆಸುವ ಬಗೆ

ಉಪ್ಪುನೀರಿನ ಅಕ್ವೇರಿಯಂ ಹೊಸದಾಗಿ ಇಟ್ಟವರಿಗೆ ಮೊದಲ ತಿಂಗಳುಗಳಲ್ಲಿ ಕಣ್ಣಿಗೆ ಹೊಡೆಯುವುದು ಕಲ್ಲಿನ ಬಿಳುಪು. ಹಳೆಯ ಟ್ಯಾಂಕುಗಳಲ್ಲಿ ಅದೇ ಕಲ್ಲು ನೇರಳೆ, ಗುಲಾಬಿ, ಕಡುಗೆಂಪು. ನಮ್ಮದು ಮಾತ್ರ ಈಗಷ್ಟೇ ಸುಣ್ಣ ಬಳಿದ ಗೋಡೆಯ ಹಾಗೆ. ಆ ಬಣ್ಣ ಕಲ್ಲಿನದ್ದಲ್ಲ. ಕಲ್ಲಿಗೆ ತೆಳ್ಳಗೆ ಅಂಟಿಕೊಂಡು ಬೆಳೆಯುವ ಕೋರಲೈನ್ ಪಾಚಿಯದ್ದು.

ಸಮುದ್ರದಿಂದ ಹಸಿಯಾಗಿ ತಂದ ಲೈವ್ ರಾಕ್ ಆದರೆ ಈ ಪಾಚಿ ಅದರ ಜೊತೆಗೇ ಬರುತ್ತದೆ. ಒಣಕಲ್ಲಿನಲ್ಲಿ ಜೀವ ಇರುವುದಿಲ್ಲ. ಆದರೂ ನನ್ನ ಒಲವು ಒಣಕಲ್ಲಿನ ಕಡೆಗೇ. ಬೇಡದ ಹುಳ, ಏಡಿ ಅದರ ಜೊತೆ ಬರುವುದಿಲ್ಲ. ಜೀವಂತ ಹವಳದಿಬ್ಬದಿಂದ ಕಲ್ಲು ಕಿತ್ತು ತರುವ ಪ್ರಮೇಯವೂ ಇಲ್ಲ. ಬಣ್ಣವನ್ನು ನಾವೇ ಬೆಳೆಸಿಕೊಳ್ಳಬೇಕು, ಅಷ್ಟೇ. ಅದಕ್ಕೆ ಬೀಜ ಬೇಕು, ಸುಣ್ಣದ ಅಂಶ ಬೇಕು. ಎಲ್ಲಕ್ಕಿಂತ ಜಾಸ್ತಿ ಬೇಕಾದದ್ದು ದಿನದಿಂದ ದಿನಕ್ಕೆ ಏರುಪೇರಾಗದ ನೀರು.

ಇದು ಎಂಥ ಪಾಚಿ?

ಕೋರಲೈನ್ ಕೆಂಪು ಪಾಚಿಗಳ ಗುಂಪಿಗೆ ಸೇರಿದ್ದು. ಬೇರೆ ಪಾಚಿ ಮೆತ್ತಗಿದ್ದರೆ ಇದು ಕಲ್ಲಿನಷ್ಟೇ ಗಟ್ಟಿ. ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟನ್ನು ಎಳೆದುಕೊಂಡು ತನ್ನ ಜೀವಕೋಶಗಳ ಗೋಡೆಯಲ್ಲಿ ಸುಣ್ಣಕಲ್ಲು ಕಟ್ಟಿಕೊಳ್ಳುತ್ತದೆ. ಅದರಲ್ಲಿ ಮೆಗ್ನೀಸಿಯಂ ಕೂಡ ಸಾಕಷ್ಟು ಸೇರುತ್ತದೆ. ಎಷ್ಟು ಗಟ್ಟಿ ಎಂದರೆ, ಜೀವಿಗಳಿಗೆ ಹೆಸರಿಟ್ಟು ವರ್ಗೀಕರಿಸಿದ ವಿಜ್ಞಾನಿ ಲಿನೇಯಸ್ ಕಾಲದಲ್ಲಿ ಇವನ್ನು ಪ್ರಾಣಿಗಳ ಸಾಲಿಗೆ ಸೇರಿಸಿದ್ದರು. ಇವು ಪ್ರಾಣಿಗಳಲ್ಲ ಎಂದು 1837ರಲ್ಲಿ ಗುರುತಿಸಿದವರು ಜೀವವಿಜ್ಞಾನಿ ರೊಡಾಲ್ಫೋ ಫಿಲಿಪ್ಪಿ.

ಇನ್ನೊಂದು ಸಂಗತಿ ನಮ್ಮ ಕೆಲಸಕ್ಕೆ ನೇರವಾಗಿ ಬೇಕಾದದ್ದು. 1984ರಲ್ಲಿ ಬಹಾಮಾಸ್ ದ್ವೀಪಗಳ ಬಳಿ 268 ಮೀಟರ್ ಆಳದಲ್ಲಿ ಕೋರಲೈನ್ ಪಾಚಿ ಸಿಕ್ಕಿತು. ಅಲ್ಲಿಗೆ ಬೆಳಕು ಇಳಿಯುವುದೇ ಇಲ್ಲ ಎನ್ನುವಷ್ಟು ಕಡಿಮೆ. ಹಾಗಾಗಿ 'ಬಣ್ಣ ಬರುತ್ತಿಲ್ಲ, ಲೈಟು ಜಾಸ್ತಿ ಮಾಡೋಣ' ಎಂಬ ಯೋಚನೆ ಬಂದಾಗ ಈ 268 ಮೀಟರನ್ನು ಒಮ್ಮೆ ನೆನೆಸಿಕೊಳ್ಳಿ.

ಮೊದಲು ಕಲ್ಲು ತೊಳೆಯಿರಿ

ಒಣಕಲ್ಲು ನೋಡಲು ಸ್ವಚ್ಛ. ಅದರ ರಂಧ್ರಗಳಲ್ಲಿ ಮಾತ್ರ ಹಳೆಯ ಜೀವಿಗಳ ಒಣಗಿದ ಅವಶೇಷ ಇರಬಹುದು. ನೀರಿಗೆ ಬಿದ್ದ ಮೇಲೆ ಅದು ಕೊಳೆತು ಫಾಸ್ಫೇಟ್ ಬಿಡುತ್ತದೆ. ಫಾಸ್ಫೇಟ್ ಜಾಸ್ತಿ ಇದ್ದರೆ ಹಸಿರು ಕೂದಲುಪಾಚಿ ಹಬ್ಬುತ್ತದೆ, ಜೊತೆಗೆ ಸುಣ್ಣ ಕಟ್ಟುವ ಕೆಲಸಕ್ಕೂ ಅಡ್ಡಿಯಾಗುತ್ತದೆ. ಕೋರಲೈನ್‌ಗೆ ಎರಡೂ ಕಡೆಯಿಂದ ಪೆಟ್ಟು.

ಕಲ್ಲನ್ನು ಬ್ರಷ್‌ನಿಂದ ಉಜ್ಜಿ, ಜೋರು ನೀರಿನಲ್ಲಿ ತೊಳೆಯಿರಿ. ಕೊಳೆ ಜಾಸ್ತಿ ಕಂಡರೆ ಹತ್ತು ಪಾಲು ನೀರಿಗೆ ಒಂದು ಪಾಲು ಬ್ಲೀಚ್ ಬೆರೆಸಿ ಒಂದೆರಡು ದಿನ ನೆನೆಸಿ. ಆಮೇಲೆ ಚೆನ್ನಾಗಿ ತೊಳೆದು, ಕ್ಲೋರಿನ್ ತೆಗೆಯುವ ದ್ರಾವಣದಲ್ಲಿ ಅದ್ದಿ, ಬಿಸಿಲಲ್ಲಿ ಪೂರ್ತಿ ಒಣಗಿಸಿ. ಕೆಲವರು ಆಸಿಡ್ ಬಳಸುತ್ತಾರೆ. ಹೊಸಬರಿಗೆ ಅದರ ಅಗತ್ಯ ಇಲ್ಲ ಎಂದೇ ನನ್ನ ಅಭಿಪ್ರಾಯ. ಬ್ಲೀಚ್ ಮತ್ತು ಆಸಿಡ್ ಮಾತ್ರ ಯಾವತ್ತೂ ಒಂದಕ್ಕೊಂದು ತಾಗಬಾರದು. ವಿಷದ ಕ್ಲೋರಿನ್ ಅನಿಲ ಏಳುತ್ತದೆ. ಕಲ್ಲನ್ನು ಕುದಿಸುವುದಂತೂ ಬೇಡವೇ ಬೇಡ. ಜೊವಾಂಥಿಡ್ ಹವಳ ಬೆಳೆದಿದ್ದ ಕಲ್ಲಾದರೆ ಪಾಲಿಟಾಕ್ಸಿನ್ ಎಂಬ ಭಯಂಕರ ವಿಷ ಹಬೆಯ ಜೊತೆ ಉಸಿರಿಗೆ ಸೇರುತ್ತದೆ. ಹೀಗೆ ಕುದಿಸಿ ಇಡೀ ಮನೆಯವರು ಆಸ್ಪತ್ರೆ ಸೇರಿದ ಉದಾಹರಣೆಗಳಿವೆ.

ತೊಳೆದ ಕಲ್ಲನ್ನು ಮುಚ್ಚಳ ಇರುವ ಡ್ರಮ್ಮಿನಲ್ಲಿ ಉಪ್ಪುನೀರಿಗೆ ಹಾಕಿ, ಪಂಪ್ ಮತ್ತು ಹೀಟರ್ ಇಟ್ಟು, ಕತ್ತಲಲ್ಲೇ ನಾಲ್ಕಾರು ವಾರ ಬಿಡಿ. ನಡುನಡುವೆ ಫಾಸ್ಫೇಟ್ ಅಳೆಯಿರಿ. ಏರಿದರೆ ನೀರು ಬದಲಿಸಿ. ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಕೂಡ ಇದೇ ಹೊತ್ತಿಗೆ ಕಲ್ಲಿನಲ್ಲಿ ನೆಲೆಯಾಗುತ್ತದೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸುವವರೆಗೆ ಪಾಚಿಯ ಮಾತು ಎತ್ತಬೇಡಿ.

ನೀರಿನ ಲೆಕ್ಕ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ.

ಆರ್‌ಒ-ಡಿಐ ನೀರಿನಲ್ಲೇ, ಅಂದರೆ ಫಿಲ್ಟರ್ ಮಾಡಿ ಕರಗಿದ ಅಂಶಗಳನ್ನೆಲ್ಲ ತೆಗೆದ ನೀರಿನಲ್ಲೇ, ಉಪ್ಪು ಕಲಸಿ. ನಲ್ಲಿ ನೀರಿನಲ್ಲಿ ಫಾಸ್ಫೇಟ್, ಸಿಲಿಕೇಟ್, ಕೆಲವೊಮ್ಮೆ ತಾಮ್ರ ಇರುತ್ತದೆ. ಉಪ್ಪಿನಂಶ ಸುಮಾರು 35 ಪಿಪಿಟಿ (ಸಾವಿರದಲ್ಲಿ 35 ಪಾಲು), ಅಂದರೆ ಸಾಪೇಕ್ಷ ಸಾಂದ್ರತೆ 1.025ರಿಂದ 1.026. ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್. ಕ್ಯಾಲ್ಸಿಯಂ 400ರಿಂದ 450 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಪಾಲು). ಆಲ್ಕಲಿನಿಟಿ, ಅಂದರೆ ನೀರಿನ ಕಾರ್ಬೊನೇಟ್ ಅಂಶದ ಅಳತೆ, 8ರಿಂದ 9.5 ಡಿಕೆಎಚ್ (ಅದನ್ನು ಅಳೆಯುವ ಮಾನ). ಮೆಗ್ನೀಸಿಯಂ 1250ರಿಂದ 1400 ಪಿಪಿಎಂ. ಫಾಸ್ಫೇಟ್ 0.1 ಪಿಪಿಎಂಗಿಂತ ಕೆಳಗಿರಲಿ. ಪೂರ್ತಿ ಸೊನ್ನೆಯೂ ಬೇಡ. ಕೋರಲೈನ್‌ಗೂ ಬದುಕಲು ಚೂರು ಗೊಬ್ಬರ ಬೇಕಲ್ವಾ.

ಮೆಗ್ನೀಸಿಯಂ ಯಾಕೆ? ಅದು ಕಡಿಮೆಯಾದರೆ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ನೀರಿನಲ್ಲೇ ಒಂದಕ್ಕೊಂದು ಸೇರಿ ಹೀಟರ್, ಪಂಪ್‌ಗಳ ಮೇಲೆ ಬಿಳಿ ಸುಣ್ಣವಾಗಿ ಕೂರುತ್ತವೆ. ನೀವು ಎಷ್ಟು ಸುರಿದರೂ ಅಳತೆ ಮೇಲೇರುವುದಿಲ್ಲ. ಹೀಗಾದಾಗ ಮೊದಲು ಮೆಗ್ನೀಸಿಯಂ ನೋಡಿ.

ಹೆಚ್ಚಿನವರು ಕ್ಯಾಲ್ಸಿಯಂ ಟೆಸ್ಟನ್ನೇ ಮತ್ತೆ ಮತ್ತೆ ಮಾಡುತ್ತಾರೆ. ಲೆಕ್ಕ ನೋಡಿ. ಸುಣ್ಣ ಕಟ್ಟುವಾಗ ಆಲ್ಕಲಿನಿಟಿ 2.8 ಡಿಕೆಎಚ್ ಇಳಿದರೆ ಕ್ಯಾಲ್ಸಿಯಂ ಇಳಿಯುವುದು ಸುಮಾರು 20 ಪಿಪಿಎಂ ಮಾತ್ರ. 9ರಲ್ಲಿ 2.8 ಹೋದರೆ ಮೂರನೇ ಒಂದು ಭಾಗ ಖಾಲಿ. 420ರಲ್ಲಿ 20 ಹೋದರೆ ಟೆಸ್ಟ್ ಕಿಟ್‌ನಲ್ಲಿ ಗೊತ್ತೂ ಆಗುವುದಿಲ್ಲ. ಹಾಗಾಗಿ ವಾರಕ್ಕೆ ಎರಡು ಮೂರು ಬಾರಿ, ಒಂದೇ ಹೊತ್ತಿನಲ್ಲಿ, ಆಲ್ಕಲಿನಿಟಿ ಅಳೆದು ಬರೆದಿಡಿ. ಕ್ಯಾಲ್ಸಿಯಂ ವಾರಕ್ಕೊಮ್ಮೆ ಸಾಕು. ಮೆಗ್ನೀಸಿಯಂ ತಿಂಗಳಿಗೊಮ್ಮೆ.

ಹವಳಗಳಿಲ್ಲದ ಹೊಸ ಟ್ಯಾಂಕಿಗೆ ವಾರಕ್ಕೊಮ್ಮೆ ಹತ್ತು ಶೇಕಡಾ ನೀರು ಬದಲಿಸಿದರೆ ಸಾಕಾಗಬಹುದು. ಅದು ಸಾಲದೆ ಅಳತೆ ಇಳಿಯತೊಡಗಿದರೆ ಎರಡು ಭಾಗದ ದ್ರಾವಣ ಹಾಕಿ. ಒಂದರಲ್ಲಿ ಕ್ಯಾಲ್ಸಿಯಂ, ಇನ್ನೊಂದರಲ್ಲಿ ಕಾರ್ಬೊನೇಟ್. ಎರಡನ್ನೂ ಒಟ್ಟಿಗೆ ಸುರಿಯಬಾರದು. ನಡುವೆ ಅರ್ಧ ಗಂಟೆಯಾದರೂ ಬಿಡಿ. ಸುಣ್ಣದ ತಿಳಿಯೂ ಒಳ್ಳೆಯ ದಾರಿ. ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಆರ್‌ಒ ನೀರಿನಲ್ಲಿ ಕಲಸಿ, ತಿಳಿಯಾದ ಮೇಲೆ ರಾತ್ರಿ ಹೊತ್ತು ಹನಿಹನಿಯಾಗಿ ಬಿಡುವುದು. ಇದರ ಪಿಎಚ್ 12ಕ್ಕಿಂತ ಮೇಲಿರುವುದರಿಂದ ಒಮ್ಮೆಗೇ ಸುರಿದರೆ ಮೀನು ಉಳಿಯುವುದಿಲ್ಲ.

ನನ್ನ ಟ್ಯಾಂಕಿನಲ್ಲಿ ಆದದ್ದನ್ನು ಹೇಳಲೇಬೇಕು. ಹಿಂದಿನ ಗಾಜಿನಲ್ಲಿ ಗುಲಾಬಿ ಚುಕ್ಕಿಗಳು ಆಗಷ್ಟೇ ಮೂಡಿದ್ದವು. ಒಂದು ಸಂಜೆ ಆಲ್ಕಲಿನಿಟಿ 6.5 ತೋರಿಸಿತು. ಗಾಬರಿಯಾಗಿ ಅದೇ ರಾತ್ರಿ 10ಕ್ಕೆ ಏರಿಸಿಬಿಟ್ಟೆ. ಮೂರು ದಿನದಲ್ಲಿ ಚುಕ್ಕಿಗಳೆಲ್ಲ ಬಿಳಿ. ಮತ್ತೆ ಬಣ್ಣ ಕಾಣಲು ಎರಡು ತಿಂಗಳು ಬೇಕಾಯಿತು. 7.5ರಲ್ಲೇ ಅಲುಗಾಡದೆ ನಿಂತ ನೀರು 7 ಮತ್ತು 10ರ ನಡುವೆ ಓಲಾಡುವ ನೀರಿಗಿಂತ ಎಷ್ಟೋ ಮೇಲು. ಏರಿಸುವುದಿದ್ದರೂ ದಿನಕ್ಕೆ ಅರ್ಧ ಡಿಕೆಎಚ್, ಹೆಚ್ಚೆಂದರೆ ಒಂದು.

ಬಿತ್ತನೆ

ನೀರು ಎಷ್ಟೇ ಚೆನ್ನಾಗಿದ್ದರೂ ಬೀಜ ಇಲ್ಲದೆ ಬೆಳೆ ಬರುವುದಿಲ್ಲ. ಒಣಕಲ್ಲು, ಹೊಸ ಮರಳು, ಹೊಸ ಉಪ್ಪುನೀರು ಮಾತ್ರ ಇರುವ ಟ್ಯಾಂಕಿನಲ್ಲಿ ವರ್ಷಗಟ್ಟಲೆ ಕಾದರೂ ಕೋರಲೈನ್ ಹುಟ್ಟುವುದಿಲ್ಲ. ಅದನ್ನು ಹೊರಗಿನಿಂದ ತರಲೇಬೇಕು.

ಸುಲಭದ ದಾರಿ ಬಸವನಹುಳು. ಟ್ರೋಕಸ್ ಅಥವಾ ಟರ್ಬೊ ಜಾತಿಯವನ್ನು ಆರಿಸುವಾಗ ಚಿಪ್ಪಿನ ಮೇಲೆ ನೇರಳೆ ಪದರ ಇರುವವನ್ನೇ ಆರಿಸಿ. ಅವು ಕಲ್ಲಿನ ಮೇಲೆಲ್ಲ ಓಡಾಡುತ್ತವೆ. ಬೀಜವೂ ಜೊತೆಗೇ ಓಡಾಡುತ್ತದೆ. ಕೋರಲೈನ್ ಹತ್ತಿದ ಹವಳದ ತುಂಡು ತಂದರೂ ಆಯಿತು.

ಬೇಗ ಹಬ್ಬಬೇಕೆಂದರೆ ಕೆರೆದ ಪುಡಿ ತನ್ನಿ. ಹಳೆಯ ಟ್ಯಾಂಕ್ ಇರುವ ಗೆಳೆಯರನ್ನು ಕೇಳಿ. ಅವರು ಹೇಗೂ ಗಾಜಿನಿಂದ ಕೆರೆದು ತೆಗೆಯುತ್ತಿರುತ್ತಾರೆ. ಅದು ಒಣಗಬಾರದು. ಅದೇ ಟ್ಯಾಂಕಿನ ನೀರಿನಲ್ಲೇ ಮುಳುಗಿಸಿ, ಅದೇ ದಿನ ತನ್ನಿ. ಕೂದಲುಪಾಚಿ, ಗುಳ್ಳೆಪಾಚಿ, ಐಪ್ಟೇಸಿಯಾ (ಬೇಗ ಹಬ್ಬಿ ಕಾಟ ಕೊಡುವ ಸೀ ಅನಿಮೋನ್) ಇರುವ ಕಡೆಯಿಂದ ಬೇಡ. ಮೀನುಗಳಿಗೆ ಕಾಯಿಲೆ ಇರುವ ಟ್ಯಾಂಕಿನಿಂದಲೂ ಬೇಡ. ಬಿಳಿಚುಕ್ಕೆ ರೋಗದ ಕೋಶಗಳು ಗಟ್ಟಿ ವಸ್ತುಗಳಿಗೆ ಅಂಟಿಕೊಂಡು ಬರುತ್ತವೆ.

ತಂದ ಚೂರುಗಳನ್ನು ಇನ್ನಷ್ಟು ಪುಡಿ ಮಾಡಿ. ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಸಾಧನ), ಯುವಿ ದೀಪ, ಫಿಲ್ಟರ್ ಚೀಲ ಎಲ್ಲವನ್ನೂ ನಿಲ್ಲಿಸಿ. ವೇವ್‌ಮೇಕರ್ (ಅಲೆ ಎಬ್ಬಿಸುವ ಪಂಪ್) ಮಾತ್ರ ಓಡಲಿ. ಪುಡಿಯನ್ನು ವೇವ್‌ಮೇಕರ್‌ನ ಮುಂದೆ ಸ್ವಲ್ಪ ಸ್ವಲ್ಪವೇ ಬಿಡಿ. ಕೆಂಪು ಪಾಚಿಗಳ ಬೀಜಕಣಕ್ಕೆ ಈಜಲು ಬಾಲ ಇಲ್ಲ. ನೀರು ಒಯ್ದ ಕಡೆಗೇ ಅದು ಹೋಗಬೇಕು. ನಾಲ್ಕೈದು ಗಂಟೆ ಹೀಗೇ ಬಿಟ್ಟು ಆಮೇಲೆ ಎಲ್ಲವನ್ನೂ ಚಾಲೂ ಮಾಡಿ. ವಾರ ಬಿಟ್ಟು ಇನ್ನೊಮ್ಮೆ ಮಾಡಿದರೆ ಇನ್ನೂ ಒಳ್ಳೆಯದು. ಬಾಟಲಿಯಲ್ಲಿ ಬರುವ ಬೀಜಕಣವನ್ನೂ ಬಳಸಬಹುದು. ಆದರೆ ಕಣ್ಣಿಗೆ ಕಾಣುವ ಜೀವಂತ ನೇರಳೆ ಚೂರಿನ ಮೇಲೆ ನನಗೆ ನಂಬಿಕೆ ಜಾಸ್ತಿ.

ಬೆಳಕು ಸಾಧಾರಣವಾಗಿರಲಿ. ದಿನಕ್ಕೆ ಎಂಟರಿಂದ ಹತ್ತು ಗಂಟೆ, ನೀಲಿ ಬಣ್ಣದ ಕಡೆಗೆ ವಾಲಿದ್ದು ಸಾಕು.

ಕಾಯುವ ತಿಂಗಳುಗಳು

ಬಿತ್ತಿದ ಮೇಲೆ ಮೊದಲು ಬರುವುದು ಕೋರಲೈನ್ ಅಲ್ಲ. ಕಂದು ಧೂಳಿನಂಥ ಡಯಾಟಮ್, ಆಮೇಲೆ ಹಸಿರು ಪಾಚಿ, ಕೆಲವೊಮ್ಮೆ ಲೋಳೆಯಂಥ ಸಯನೋಬ್ಯಾಕ್ಟೀರಿಯಾ. ಹೊಸ ಟ್ಯಾಂಕುಗಳಲ್ಲಿ ಇದು ಮಾಮೂಲು. ಇದನ್ನು ನೋಡಿ ಸುಮ್ನೆ ಔಷಧಿ ಸುರಿಯಬೇಡಿ. ಬಸವನಹುಳುಗಳು ಮೇಯಲಿ, ನೀವು ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಕಲ್ಲಿನ ಮೈ ತೆರವಾಗಿದ್ದರೆ ಮಾತ್ರ ಕೋರಲೈನ್‌ಗೆ ಕೂರಲು ಜಾಗ. ಮೈತುಂಬ ಮುಳ್ಳಿರುವ ಸೀ ಅರ್ಚಿನ್ ಕೂಡ ಪಾಚಿ ಚೆನ್ನಾಗಿ ತಿನ್ನುತ್ತದೆ. ಆದರೆ ಅದು ಕೋರಲೈನನ್ನೂ ಕೆರೆದು ತಿನ್ನುತ್ತದೆ. ಕಲ್ಲು ಪೂರ್ತಿ ಬಣ್ಣ ಹಿಡಿಯುವವರೆಗೆ ಅದು ಬೇಡ.

ಮೊದಲ ಚುಕ್ಕಿ ಕಾಣುವುದು ಸಾಮಾನ್ಯವಾಗಿ ಒಂದೆರಡು ತಿಂಗಳಲ್ಲಿ. ಅದೂ ಕಲ್ಲಿನ ಮೇಲಲ್ಲ. ಪಂಪ್‌ನ ಪ್ಲಾಸ್ಟಿಕ್ಕು, ನೀರು ಇಳಿಯುವ ಪೈಪು, ಹಿಂದಿನ ಗಾಜು, ಕಲ್ಲಿನ ನೆರಳಿನ ಮೂಲೆ. ಟಾರ್ಚ್ ಹಿಡಿದು ಅಲ್ಲೇ ಹುಡುಕಿ. ಗುಂಡುಸೂಜಿಯ ತಲೆಯಷ್ಟು ಗುಲಾಬಿ ಚುಕ್ಕಿ ಕಂಡರೆ ನಿಮ್ಮ ನೀರು ಸರಿ ಇದೆ ಎಂದು ಅರ್ಥ. ಅಲ್ಲಿಂದ ಕಲ್ಲು ಮುಚ್ಚಲು ಆರು ತಿಂಗಳಿಂದ ಒಂದು ವರ್ಷ ಹಿಡಿಯಬಹುದು. ಈ ಹೊತ್ತಿನಲ್ಲಿ ಹೊಸದೇನನ್ನೂ ಮಾಡದೆ ಇರುವುದೇ ಕಷ್ಟದ ಕೆಲಸ.

ಬಿಳಿ ಕಂಡರೆ

ಎಲ್ಲ ಬಿಳಿಯೂ ಕೆಟ್ಟದ್ದಲ್ಲ. ನೇರಳೆ ಹಾಳೆಯ ಅಂಚಿನಲ್ಲಿ ಕೂದಲೆಳೆಯಷ್ಟು ತೆಳು ಬಿಳಿ ಗೆರೆ ಇದ್ದರೆ ಅದು ಬೆಳೆಯುತ್ತಿರುವ ತುದಿ. ಖುಷಿಪಡಿ. ನಡುವೆಯೇ ಬಿಳಿಚಿದರೆ ತೊಂದರೆ. ಆಲ್ಕಲಿನಿಟಿ ಏರುಪೇರಾಗಿದೆಯೇ, ಉಷ್ಣತೆ ಏರಿದೆಯೇ, ಹೊಸ ಲೈಟು ಹಾಕಿದಿರಾ, ನೀರು ಬದಲಿಸುವಾಗ ಕಲ್ಲು ತುಂಬಾ ಹೊತ್ತು ಗಾಳಿಗೆ ಒಡ್ಡಿಕೊಂಡಿತೇ ನೋಡಿ. ಮೇಲ್ಭಾಗದಲ್ಲಿ ಮಾತ್ರ ಬಿಳಿಚಿ ನೆರಳಲ್ಲಿ ಬಣ್ಣ ಉಳಿದಿದ್ದರೆ ಬೆಳಕು ಜಾಸ್ತಿಯಾಗಿದೆ. ಮೀನಿಗೆ ತಾಮ್ರ ಇರುವ ಔಷಧಿ ಕೊಡುವುದಿದ್ದರೆ ಬೇರೆ ತೊಟ್ಟಿಯಲ್ಲೇ ಕೊಡಿ.

ಒಮ್ಮೆ ಚೆನ್ನಾಗಿ ಹಬ್ಬಿದ ಮೇಲೆ ಅದು ನಿಮ್ಮ ಮುಂದಿನ ಗಾಜಿಗೂ ಬರುತ್ತದೆ. ಗಾಜಾದರೆ ಬ್ಲೇಡಿನಿಂದ, ಅಕ್ರಿಲಿಕ್ ಆದರೆ ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ, ಎಳೆಯದಿರುವಾಗಲೇ ಕೆರೆಯಿರಿ. ಪಂಪನ್ನು ನೀರು ಬೆರೆಸಿದ ವಿನೆಗರ್‌ನಲ್ಲಿ ನೆನೆಸಿದರೆ ಪದರ ಕರಗುತ್ತದೆ. ಕೆರೆದ ಪುಡಿಯನ್ನು ಮಾತ್ರ ಚೆಲ್ಲಬೇಡಿ. ಅರ್ಧದಷ್ಟು ನಿಮ್ಮದೇ ಟ್ಯಾಂಕಿನ ಬಿಳಿ ಮೂಲೆಗಳ ಕಡೆಗೆ ಬಿಡಿ. ಉಳಿದದ್ದನ್ನು ಟ್ಯಾಂಕಿನ ನೀರಿನ ಜೊತೆ ಒಂದು ಚೀಲಕ್ಕೆ ಹಾಕಿ, ಈಗಷ್ಟೇ ಒಣಕಲ್ಲು ತಂದು ಬಿಳಿ ಗೋಡೆ ನೋಡುತ್ತ ಕೂತಿರುವ ಯಾರಿಗಾದರೂ ಕೊಡಿ.