ಅಂಗಡಿಯಲ್ಲಿ ಫೋನಿನಿಂದ ದುಡ್ಡು ಕೊಡುವುದು: ಪಿನ್ ಒತ್ತುವ ಮುಂಚೆ, ಒತ್ತಿದ ಮೇಲೆ

ಬ್ಯಾಂಕ್ ಖಾತೆಯ ದುಡ್ಡನ್ನು ಫೋನಿನಿಂದಲೇ ಕಳಿಸುವ ವ್ಯವಸ್ಥೆಯಾದ ಯುಪಿಐ ಬಂದದ್ದು 2016ರಲ್ಲಿ. ಈಗ ಎಳನೀರಿನ ಗಾಡಿಯಲ್ಲೂ ಕ್ಯೂಆರ್ ಹಾಳೆ ತೂಗುತ್ತದೆ. ಆದರೂ ಮನೆಯಲ್ಲಿ ಒಬ್ಬರಾದರೂ ಇನ್ನೂ ಹಿಂಜರಿಯುವವರು ಇರುತ್ತಾರೆ: "ಒಂದು ಸೊನ್ನೆ ಜಾಸ್ತಿ ಒತ್ತಿಬಿಟ್ಟರೆ?", "ದುಡ್ಡು ಕಟ್ ಆಗಿ ಅವರಿಗೆ ಹೋಗದಿದ್ದರೆ?" ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. ಎರಡೂ ನಡೆಯುತ್ತವೆ, ಎರಡಕ್ಕೂ ದಾರಿ ಇದೆ. ಈಗಷ್ಟೇ ಶುರು ಮಾಡುವವರಿಗೂ, ಅಪ್ಪ ಅಮ್ಮನ ಫೋನಿನಲ್ಲಿ ಹಾಕಿಕೊಡುವವರಿಗೂ ಸೇರಿಸಿ ಇದನ್ನು ಬರೆದಿದೆ.

ಮೊದಲು ಖಾತೆ, ಆಮೇಲೆ ಆ್ಯಪ್

ಸಂಬಳ, ಪಿಂಚಣಿ, ಉಳಿತಾಯ ಎಲ್ಲ ಇರುವ ಖಾತೆಯನ್ನು ಫೋನಿಗೆ ಜೋಡಿಸಬೇಡಿ. ಅಂಗಡಿ ಖರ್ಚಿಗೆಂದೇ ಬೇರೆ ಬ್ಯಾಂಕಿನಲ್ಲಿ ಒಂದು ಸಣ್ಣ ಖಾತೆ ತೆರೆದು, ತಿಂಗಳಿಗೆ ಬೇಕಾದಷ್ಟನ್ನು, ಐದು ಸಾವಿರವೋ ಎಂಟು ಸಾವಿರವೋ, ಅದಕ್ಕೆ ಹಾಕಿಕೊಳ್ಳಿ. ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕಿನ ಉಳಿತಾಯ ಖಾತೆಗೆ ಕನಿಷ್ಠ ಮೊತ್ತದ ಕಟ್ಟುಪಾಡಿಲ್ಲ. ಇಷ್ಟು ಮಾಡಿದರೆ ಏನೇ ಎಡವಟ್ಟಾದರೂ ನಷ್ಟ ಆ ಸಣ್ಣ ಖಾತೆಯಲ್ಲೇ ನಿಲ್ಲುತ್ತದೆ. ಈ ಬರಹದಲ್ಲಿ ಒಂದೇ ಮಾತು ಪಾಲಿಸುವುದಾದರೆ ಇದನ್ನು ಪಾಲಿಸಿ.

ಬ್ಯಾಂಕಿಗೆ ಕೊಟ್ಟ ಮೊಬೈಲ್ ನಂಬರಿನ ಸಿಮ್ ಅದೇ ಫೋನಿನಲ್ಲಿರಬೇಕು. ಆ್ಯಪ್ ತೆರೆದಾಗ ಅದು ನಿಮ್ಮ ಫೋನಿನಿಂದ ತಾನೇ ಒಂದು ಎಸ್‌ಎಂಎಸ್ ಕಳಿಸಿ ನಂಬರನ್ನು ಖಾತ್ರಿ ಮಾಡಿಕೊಳ್ಳುತ್ತದೆ. ಬಹಳ ಜನ ಸಿಕ್ಕಿಬೀಳುವುದು ಇಲ್ಲೇ. ರೀಚಾರ್ಜ್ ಮುಗಿದಿದ್ದರೆ ಎಸ್‌ಎಂಎಸ್ ಹೊರಗೆ ಹೋಗುವುದಿಲ್ಲ. ಎರಡು ಸಿಮ್ ಇದ್ದು ತಪ್ಪು ಸಿಮ್ ಆರಿಸಿದರೆ "ಖಾತೆ ಸಿಗಲಿಲ್ಲ" ಎನ್ನುತ್ತದೆ. ಸಿಮ್ ಬದಲಾಯಿಸಿದ್ದರೆ ಮೊದಲ 24 ಗಂಟೆ ಎಸ್‌ಎಂಎಸ್ ಸೌಲಭ್ಯವೇ ಇರುವುದಿಲ್ಲ, ಮರುದಿನ ಪ್ರಯತ್ನಿಸಿ.

ನಂತರ ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ, ಅದರ ಮೇಲಿರುವ ಅವಧಿ ಮುಗಿಯುವ ತಿಂಗಳು ಮತ್ತು ವರ್ಷ ಕೇಳುತ್ತದೆ. ಕಾರ್ಡ್ ಇಲ್ಲದವರು ಆಧಾರ್ ಒಟಿಪಿ ಮೂಲಕವೂ ಮಾಡಬಹುದು. ಆದರೆ ಆಧಾರಿಗೂ ಬ್ಯಾಂಕಿಗೂ ಒಂದೇ ನಂಬರ್ ಕೊಟ್ಟಿರಬೇಕು. ಕೊನೆಯಲ್ಲಿ ಯುಪಿಐ ಪಿನ್ ಇಟ್ಟುಕೊಳ್ಳಬೇಕು, ನಾಲ್ಕು ಅಂಕಿ ಇಲ್ಲವೇ ಆರು ಅಂಕಿ. ಹುಟ್ಟಿದ ವರ್ಷ ಬೇಡ, ಗಾಡಿ ನಂಬರ್ ಬೇಡ, ಎಟಿಎಂ ಪಿನ್ನನ್ನೇ ಇಲ್ಲೂ ಇಡುವುದಂತೂ ಬೇಡ. ಹೊಸದಾಗಿ ಶುರು ಮಾಡಿದ ಮೊದಲ 24 ಗಂಟೆ ಸಾಮಾನ್ಯವಾಗಿ 5,000 ರೂಪಾಯಿ ತನಕ ಮಾತ್ರ ಕಳಿಸಲು ಬಿಡುತ್ತಾರೆ. ಅದಾದ ಮೇಲೆ ದಿನಕ್ಕೆ ಒಂದು ಲಕ್ಷದ ಮಿತಿ ಇದೆ. ಬ್ಯಾಂಕಿನ ಆ್ಯಪ್ ಒಳಗೆ ಹೋಗಿ ಇದನ್ನು ಇಳಿಸಲು ಸಾಧ್ಯವಿದ್ದರೆ ಇಳಿಸಿಡಿ. ದಿನಸಿಗೆ ಲಕ್ಷ ಯಾಕೆ?

ಅಂಗಡಿಯ ಮುಂದೆ

ಮೊದಲು ಮೊತ್ತ ಕೇಳಿ, ಆಮೇಲೆ ಫೋನ್ ತೆಗೆಯಿರಿ. ಮಾಲು ತೂಗಿ ಚೀಲಕ್ಕೆ ಹಾಕಿದ ಮೇಲೆ "ಅಣ್ಣಾ, ಸ್ಕ್ಯಾನ್ ಇಲ್ವಾ?" ಎಂದು ಕೇಳಿದರೆ ಇಬ್ಬರಿಗೂ ಕಷ್ಟ. ಕ್ಯೂಆರ್ ಎರಡು ಬಗೆ. ಕಿರಾಣಿ ಅಂಗಡಿಯ ಗೋಡೆಯ ಮೇಲಿನ ಸ್ಟಿಕ್ಕರಿನಲ್ಲಿ ಮೊತ್ತ ಇರುವುದಿಲ್ಲ, ನೀವೇ ಬರೆಯಬೇಕು. ದೊಡ್ಡ ಅಂಗಡಿಗಳ ಯಂತ್ರದಲ್ಲಿ ಮೂಡುವ ಕ್ಯೂಆರಿನಲ್ಲಿ ಬಿಲ್ ಮೊತ್ತ ತಾನಾಗಿ ಬರುತ್ತದೆ, ಸ್ವಲ್ಪ ಹೊತ್ತಿಗೆ ಅದು ಹಳತಾಗುತ್ತದೆ; ತಡವಾದರೆ ಮತ್ತೊಮ್ಮೆ ಹಾಕಿಕೊಡಲು ಹೇಳಿ. ಸ್ಕ್ಯಾನ್ ಆಗದಿದ್ದರೆ ಹೆಚ್ಚಾಗಿ ಕಾರಣ ಲೆನ್ಸಿನ ಮೇಲಿನ ಎಣ್ಣೆ ಬೆರಳಚ್ಚು, ಇಲ್ಲವೇ ಪ್ಲಾಸ್ಟಿಕ್ ಹೊದಿಕೆಯ ಮೇಲೆ ಬೀಳುವ ಬಿಸಿಲು. ಲೆನ್ಸ್ ಒರೆಸಿ, ಫೋನನ್ನು ತುಸು ಓರೆ ಹಿಡಿದು ಒಂದು ಗೇಣು ದೂರದಿಂದ ಹತ್ತಿರಕ್ಕೆ ತನ್ನಿ.

ಸ್ಕ್ಯಾನ್ ಆದಕೂಡಲೇ ಒಂದು ಹೆಸರು ಮೂಡುತ್ತದೆ. ಇಡೀ ವ್ಯವಹಾರದಲ್ಲಿ ಕಣ್ಣಿಟ್ಟು ನೋಡಬೇಕಾದ ಸಾಲು ಅದೇ. ಫಲಕದಲ್ಲಿ "ಶ್ರೀ ಗಣೇಶ ಪ್ರಾವಿಷನ್ ಸ್ಟೋರ್" ಇದ್ದು ಫೋನಿನಲ್ಲಿ ಯಾರದೋ ಸ್ವಂತ ಹೆಸರು ಬಂದರೆ ಮೋಸವೇ ಆಗಬೇಕೆಂದಿಲ್ಲ. ಸಣ್ಣ ಅಂಗಡಿಗಳಲ್ಲಿ ಮಾಲೀಕರ, ಅವರ ಹೆಂಡತಿಯ, ಮಗನ ಖಾತೆ ಇರುವುದು ಮಾಮೂಲು. ಕೇಳಿದರಾಯಿತು: "ಅಣ್ಣಾ, ಮಂಜುನಾಥ ಅಂತ ಬರ್ತಿದೆ, ನಿಮ್ಮದೇನಾ?" ಅವರು ಹೌದು ಎಂದ ಮೇಲೆ ಮುಂದುವರಿಯಿರಿ. ಅಂಗಡಿಯ ಸ್ಟಿಕ್ಕರಿನ ಮೇಲೆ ತಮ್ಮದೊಂದು ಅಂಟಿಸಿ ಹೋಗುವ ಕಳ್ಳರಿದ್ದಾರೆ. ಅಂಥವರು ಮೊದಲು ಬಯಲಾಗುವುದು ಹೀಗೆ ಹೆಸರು ಓದುವ ಗಿರಾಕಿಯಿಂದಲೇ. ನೀವು ಕೇಳಿದ್ದರಿಂದ ಅಂಗಡಿಯವರಿಗೂ ಉಪಕಾರ.

ಮೊತ್ತದಲ್ಲಿ ಆಗುವ ತಪ್ಪು ಹೆಚ್ಚಾಗಿ ಚುಕ್ಕಿಯದು. ಬಿಲ್ಲಿನಲ್ಲಿ 85.00 ಎಂದಿರುವುದನ್ನು ನೋಡುತ್ತ ಒತ್ತಿದರೆ, ಚುಕ್ಕಿ ಬೀಳದೆ 8500 ಆಗುತ್ತದೆ. ಪೈಸೆಯ ಸೊನ್ನೆ ಬರೆಯಲೇ ಹೋಗಬೇಡಿ, ಬರೀ 85. ಪಿನ್ ಕೇಳುವ ಪುಟದ ಮೇಲ್ಭಾಗದಲ್ಲಿ ನಿಮ್ಮ ಬ್ಯಾಂಕಿನ ಹೆಸರು, ಯಾರಿಗೆ ಎಂಬುದು, ಎಷ್ಟು ಎಂಬುದು ಇನ್ನೊಮ್ಮೆ ಕಾಣುತ್ತದೆ. ಆ ಮೊತ್ತವನ್ನು ಬಾಯಿಬಿಟ್ಟು ಹೇಳಿ: "ಎಂಬತ್ತೈದು ಹಾಕ್ತಿದ್ದೀನಿ." ಅಂಗಡಿಯವರು ಹೂಂ ಎಂದ ಮೇಲೆ, ಹಿಂದೆ ನಿಂತವರಿಗೆ ಕಾಣದಂತೆ ಪಿನ್ ಒತ್ತಿ. ಪಿನ್ ಒತ್ತಿದ ಮೇಲೆ ಹಿಂದೆಗೆದುಕೊಳ್ಳುವ ಗುಂಡಿ ಇಲ್ಲ.

ಪಿನ್ ಮರೆತು ಮೂರು ಸಲ ತಪ್ಪು ಒತ್ತಿದರೆ ಸಾಮಾನ್ಯವಾಗಿ ಒಂದು ದಿನ ಬಂದ್ ಆಗುತ್ತದೆ. ಎರಡನೇ ಸಲಕ್ಕೇ ನಿಲ್ಲಿಸಿ, ಕಾರ್ಡ್ ಹಿಡಿದು ಹೊಸ ಪಿನ್ ಮಾಡಿಕೊಳ್ಳಿ.

ಚಿಲ್ಲರೆ ಖರ್ಚಿಗೆ ಲೈಟ್

ದಿನಕ್ಕೆ ನಾಲ್ಕು ಸಲ ಕಾಫಿ, ಹಾಲು, ಸೊಪ್ಪು ಎಂದು ಕೊಡುವವರು ಯುಪಿಐ ಲೈಟ್ ಹಾಕಿಕೊಳ್ಳುವುದು ಒಳ್ಳೆಯದು. ಖಾತೆಯಿಂದ 5,000 ರೂಪಾಯಿವರೆಗೆ ಮೊದಲೇ ತುಂಬಿಟ್ಟು, ಒಂದು ಸಲಕ್ಕೆ 1,000 ರೂಪಾಯಿ ಮೀರದಂತೆ ಪಿನ್ ಇಲ್ಲದೆ ಕೊಡಬಹುದು. ಪ್ರತಿ ಸಣ್ಣ ಪಾವತಿಯೂ ಬ್ಯಾಂಕಿನ ಸರ್ವರ್ ತನಕ ಹೋಗಿ ಬರಬೇಕಿಲ್ಲವಾದ್ದರಿಂದ ಬೆಳಗಿನ ಜನಜಂಗುಳಿಯಲ್ಲೂ ತಡೆಯುವುದು ಕಡಿಮೆ, ಪಾಸ್‌ಬುಕ್ಕಿನಲ್ಲಿ ಹತ್ತು ರೂಪಾಯಿಯ ಸಾಲುಗಳೂ ತುಂಬುವುದಿಲ್ಲ. ಆದರೆ ಪಿನ್ ಇಲ್ಲ ಎಂದರೆ ತೆರೆದ ಫೋನ್ ಯಾರ ಕೈಗೆ ಸಿಕ್ಕರೂ ಆ ದುಡ್ಡು ಹೋಯಿತೆಂದೇ ಅರ್ಥ. ಸ್ಕ್ರೀನ್ ಲಾಕ್ ಇಲ್ಲದವರು ಲೈಟ್ ಹಾಕಬಾರದು. ಇದ್ದವರೂ ಐದು ನೂರೋ ಸಾವಿರವೋ ತುಂಬಿಕೊಂಡರೆ ಸಾಕು. ಫೋನ್ ಬದಲಾಯಿಸುವ ಮುಂಚೆ ಲೈಟ್ ಮುಚ್ಚಿ, ಉಳಿದದ್ದನ್ನು ಖಾತೆಗೆ ವಾಪಸ್ ತೆಗೆದುಕೊಳ್ಳಿ.

"ಪೆಂಡಿಂಗ್" ಬಂದಾಗ

ಜಗಳ ಹುಟ್ಟುವುದು ಇಲ್ಲಿ. ನಿಮ್ಮ ಫೋನಿನಲ್ಲಿ ಚಕ್ರ ತಿರುಗುತ್ತಲೇ ಇದೆ, ದುಡ್ಡು ಬಂತೆಂದು ಕೂಗುವ ಅಂಗಡಿಯವರ ಸೌಂಡ್ ಬಾಕ್ಸ್ ಸುಮ್ಮನಿದೆ, ಹಿಂದೆ ನಾಲ್ಕು ಜನ ಕಾಯುತ್ತಿದ್ದಾರೆ. ಆ ಅವಸರದಲ್ಲಿ ಇನ್ನೊಮ್ಮೆ ಸ್ಕ್ಯಾನ್ ಮಾಡುವುದೇ ಎರಡು ಸಲ ದುಡ್ಡು ಹೋಗಲು ಕಾರಣ.

ಪಾವತಿ ನಿಮ್ಮ ಬ್ಯಾಂಕ್, ನಡುವೆ ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆಯ ವ್ಯವಸ್ಥೆ, ಅಂಗಡಿಯವರ ಬ್ಯಾಂಕ್ ಮೂರನ್ನೂ ದಾಟಬೇಕು. ಒಂದು ಕಡೆಯಿಂದ ಉತ್ತರ ಬರುವುದು ತಡವಾದರೂ "ಪೆಂಡಿಂಗ್" ಎನ್ನುತ್ತದೆ. ಅದು ಆಗಿಲ್ಲ ಎಂದಲ್ಲ, ಇನ್ನೂ ಗೊತ್ತಾಗಿಲ್ಲ ಎಂದು. ಸೌಂಡ್ ಬಾಕ್ಸಿಗೂ ತನ್ನದೇ ಸಿಮ್, ತನ್ನದೇ ನೆಟ್‌ವರ್ಕ್ ಇರುತ್ತದೆ. ಆ ಸಿಗ್ನಲ್ ಹೋಗಿದ್ದರೆ ದುಡ್ಡು ಬಂದಿದ್ದರೂ ಅದು ಕೂಗುವುದಿಲ್ಲ. ಇನ್ನು ಎಷ್ಟೋ ವ್ಯಾಪಾರಿಗಳಿಗೆ ಆ ದಿನದ ಮೊತ್ತ ಒಟ್ಟಾಗಿ ಆಮೇಲೆ ಬ್ಯಾಂಕಿಗೆ ಬೀಳುತ್ತದೆ. ಹಾಗಾಗಿ "ಬ್ಯಾಂಕಿನ ಮೆಸೇಜ್ ಬಂದಿಲ್ಲ" ಎಂಬ ಅವರ ಮಾತು ಸತ್ಯವೇ ಇರಬಹುದು, ದುಡ್ಡು ತಲುಪಿಯೂ ಇರಬಹುದು. ಅವರ ವ್ಯಾಪಾರದ ಆ್ಯಪ್ ತೆರೆದು ನೋಡಲು ಹೇಳಿ.

ನೀವು ಮಾಡಬೇಕಾದದ್ದು: ಒಂದೆರಡು ನಿಮಿಷ ಕಾಯಿರಿ, ಆ್ಯಪಿನ ಹಿಸ್ಟರಿಯಲ್ಲಿ ಆ ಸಾಲನ್ನು ಒತ್ತಿ ಈಗಿನ ಸ್ಥಿತಿ ನೋಡಿ, ಖಾತೆಯ ಬ್ಯಾಲೆನ್ಸ್ ನೋಡಿ. ದುಡ್ಡು ಕಟ್ ಆಗಿಲ್ಲ, ಸ್ಥಿತಿ "ವಿಫಲ" ಎಂದಿದೆ ಎಂದಾದರೆ ಮಾತ್ರ ಇನ್ನೊಮ್ಮೆ ಕಳಿಸಿ. ಪೆಂಡಿಂಗ್ ಹಾಗೇ ಉಳಿದರೆ ಆ ಸಲಕ್ಕೆ ನಗದು ಕೊಡಿ. ದಿನವೂ ಹೋಗುವ ಅಂಗಡಿಯಾದರೆ ಆ ಪಾವತಿಯ ಗುರುತಾದ 12 ಅಂಕಿಯ ಯುಟಿಆರ್ ನಂಬರ್ ತೋರಿಸಿ, "ಸಂಜೆ ನೋಡಿ ಹೇಳಿ ಅಕ್ಕಾ" ಎಂದರೆ ಒಪ್ಪುತ್ತಾರೆ.

ಕಟ್ ಆದ ದುಡ್ಡು ಅಂಗಡಿಗೆ ತಲುಪದಿದ್ದರೆ ಎಲ್ಲಿಗೂ ಹೋಗುವುದಿಲ್ಲ. 2019ರ ಸೆಪ್ಟೆಂಬರಿನ ಆರ್‌ಬಿಐ ಸುತ್ತೋಲೆಯ ಪ್ರಕಾರ ವ್ಯಾಪಾರಿ ಪಾವತಿಯಾದರೆ ಆ ದಿನ ಬಿಟ್ಟು ಐದು ದಿನದೊಳಗೆ, ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ್ದಾದರೆ ಮರುದಿನದೊಳಗೆ ತಾನಾಗಿ ವಾಪಸ್ ಬರಬೇಕು. ತಪ್ಪಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರವನ್ನು ನೀವು ಕೇಳದಿದ್ದರೂ ಖಾತೆಗೆ ಹಾಕಬೇಕು. ಈ ನಿಯಮ ಗೊತ್ತಿಲ್ಲದೆ ಬಿಟ್ಟುಕೊಡುವವರೇ ಜಾಸ್ತಿ.

ಶುಲ್ಕ, ಕ್ರೆಡಿಟ್ ಕಾರ್ಡ್, ಮತ್ತು "ನಗದು ಮಾತ್ರ" ಚೀಟಿ

ಬ್ಯಾಂಕ್ ಖಾತೆಯಿಂದ ಯುಪಿಐ ಮಾಡುವ ಗಿರಾಕಿಗೆ ಶುಲ್ಕವಿಲ್ಲ. ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದು, ಆದರೆ ಅದು ವ್ಯಾಪಾರಿ ಕ್ಯೂಆರಿನಲ್ಲಿ ಮಾತ್ರ ನಡೆಯುತ್ತದೆ. ಸ್ವಂತ ಖಾತೆಯ ಕ್ಯೂಆರ್ ಇಟ್ಟ ಅಂಗಡಿಯಲ್ಲಿ ನಡೆಯದಿದ್ದರೆ ಅದು ನಿಮ್ಮ ಕಾರ್ಡಿನ ದೋಷವಲ್ಲ.

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಬೆಂಗಳೂರಿನ ಎಷ್ಟೋ ಬೇಕರಿ, ತರಕಾರಿ ಅಂಗಡಿಗಳ ಮುಂದೆ "ಯುಪಿಐ ಇಲ್ಲ, ನಗದು ಮಾತ್ರ" ಎಂಬ ಚೀಟಿ ಬಿದ್ದವು. ವರ್ಷದ ವಹಿವಾಟು ಸರಕಿನಲ್ಲಿ 40 ಲಕ್ಷ, ಸೇವೆಯಲ್ಲಿ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಗಲ್ಲಾಪೆಟ್ಟಿಗೆಯ ಮುಂದೆ ಕೂತವರ ಆತಂಕ ಆ ಲೆಕ್ಕದ್ದು. ಇಂಥ ಅಂಗಡಿಯಲ್ಲಿ ವಾದ ಮಾಡುವುದರಿಂದ ಏನೂ ಸಿಗದು. ಹತ್ತು, ಇಪ್ಪತ್ತು, ಐವತ್ತರ ನೋಟುಗಳಲ್ಲಿ ಒಂದು ಮುನ್ನೂರು ರೂಪಾಯಿ ಯಾವತ್ತೂ ಜೇಬಿನಲ್ಲಿರಲಿ. ಬ್ಯಾಟರಿ ಸತ್ತ ದಿನಕ್ಕೂ ಅದೇ ದಿಕ್ಕು.

ಕೀಪ್ಯಾಡ್ ಫೋನ್ ಇದ್ದವರಿಗೆ, ನೆಟ್ ಇಲ್ಲದ ಊರಿಗೆ

ಮಲೆನಾಡಿನ ಎಷ್ಟೋ ಕಡೆ ಕರೆಗೆ ಸಿಗ್ನಲ್ ಇರುತ್ತದೆ, ನೆಟ್ ಇರುವುದಿಲ್ಲ. ಅಲ್ಲಿ *99# ಒತ್ತಿ 5,000 ರೂಪಾಯಿವರೆಗೆ ಕಳಿಸಬಹುದು. ಸ್ಕ್ಯಾನ್ ಆಗುವುದಿಲ್ಲವಾದ್ದರಿಂದ ಅಂಗಡಿಯವರ ಮೊಬೈಲ್ ನಂಬರ್ ಇಲ್ಲವೇ ಕ್ಯೂಆರ್ ಹಾಳೆಯ ಕೆಳಗೆ ಅಚ್ಚಾಗಿರುವ ಯುಪಿಐ ಐಡಿ ಒತ್ತಬೇಕು. ಕೀಪ್ಯಾಡ್ ಫೋನಿನವರು 080 4516 3666ಕ್ಕೆ ಕರೆ ಮಾಡಿ, ಧ್ವನಿ ಹೇಳಿದಂತೆ ಒತ್ತುತ್ತ ಹೋಗಿ ಯುಪಿಐ 123ಪೇ ಬಳಸಬಹುದು. ಎರಡಕ್ಕೂ ಮೊದಲ ಸಲ ಖಾತೆ ಜೋಡಿಸಿ ಪಿನ್ ಇಟ್ಟುಕೊಳ್ಳಬೇಕು. ಅದನ್ನು ಮನೆಯಲ್ಲಿ ಕೂತು ಮಾಡಿ, ಅಂಗಡಿಯ ಮುಂದೆ ಬೇಡ.

ಹಿರಿಯರಿಗೆ ಇನ್ನೊಂದು ದಾರಿ ಯುಪಿಐ ಸರ್ಕಲ್. ಹಾಸನದಲ್ಲಿರುವ ಅಮ್ಮ ಸ್ಕ್ಯಾನ್ ಮಾಡಿದರೆ ಬೆಂಗಳೂರಿನ ಮಗಳ ಖಾತೆಯಿಂದ ದುಡ್ಡು ಹೋಗುವ ವ್ಯವಸ್ಥೆ ಇದು. ತಿಂಗಳಿಗೆ ಹೆಚ್ಚೆಂದರೆ 15,000, ಒಂದು ಸಲಕ್ಕೆ 5,000 ಎಂದು ಮಿತಿ ಇಡಬಹುದು. ಇಲ್ಲವೇ ಪ್ರತಿ ಸಲವೂ ಮಗಳೇ ಪಿನ್ ಒತ್ತಿ ಒಪ್ಪಿಗೆ ಕೊಡುವಂತೆ ಮಾಡಬಹುದು. ಅಮ್ಮನ ಪಿಂಚಣಿ ಖಾತೆಯನ್ನು ಫೋನಿನಿಂದ ದೂರ ಇಡಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಅಮ್ಮನ ಪಿನ್ನನ್ನು ಚೀಟಿಯಲ್ಲಿ ಬರೆದು ಫೋನಿನ ಕವರಿನೊಳಗೆ ತುರುಕುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ದಯವಿಟ್ಟು ಇವತ್ತೇ ತೆಗೆದು ಹರಿದುಹಾಕಿ.

ಏನಾದರೂ ಆಗಿಹೋದರೆ

ಪಿನ್ ಇರುವುದು ಕೊಡುವುದಕ್ಕೆ. ದುಡ್ಡು ಬರಬೇಕಾದರೆ ಪಿನ್ ಒತ್ತಬೇಕಿಲ್ಲ, ಸ್ಕ್ಯಾನ್ ಮಾಡಬೇಕಿಲ್ಲ. "ರಿಫಂಡ್ ಬಂದಿದೆ, ಪಿನ್ ಹಾಕಿ", "ತಪ್ಪಿ ನಿಮಗೆ ಹಾಕಿಬಿಟ್ಟೆ, ವಾಪಸ್ ಕಳಿಸಿ" ಎನ್ನುವ ಕರೆ ಬಂದರೆ ಫೋನ್ ಇಟ್ಟು ಮೊದಲು ಖಾತೆ ನೋಡಿ. ಮೆಸೇಜಿನಲ್ಲಿ ಬಂದ ಅಂಕಿ ಬೇರೆ, ಖಾತೆಗೆ ಬಿದ್ದ ದುಡ್ಡು ಬೇರೆ. ಬ್ಯಾಂಕಿನ ಕಸ್ಟಮರ್ ಕೇರ್ ನಂಬರನ್ನು ಇಂಟರ್ನೆಟ್ಟಿನಲ್ಲಿ ಹುಡುಕಬೇಡಿ. ಡೆಬಿಟ್ ಕಾರ್ಡಿನ ಹಿಂಬದಿಯಲ್ಲಿ ಅಚ್ಚಾಗಿರುವುದಕ್ಕೇ ಮಾಡಿ.

ಮೋಸ ಹೋದಿರಿ ಎಂದು ಗೊತ್ತಾದ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆಮೇಲೆ ಬ್ಯಾಂಕಿಗೆ. ಕಳ್ಳರು ದುಡ್ಡನ್ನು ಖಾತೆಯಿಂದ ಖಾತೆಗೆ ಸಾಗಿಸುವ ಮುಂಚೆ ತಡೆಹಿಡಿಯಬೇಕಾದ್ದರಿಂದ ಇಲ್ಲಿ ನಿಮಿಷಗಳೂ ಲೆಕ್ಕಕ್ಕೆ ಬರುತ್ತವೆ. ನಾಚಿಕೆಯಿಂದ ಮನೆಯವರಿಗೆ ಹೇಳದೆ ರಾತ್ರಿ ಕಳೆಯುವುದೇ ದೊಡ್ಡ ನಷ್ಟ. ಫೋನ್ ಕಳೆದರೆ ಮೊದಲು ಸಿಮ್ ಬ್ಲಾಕ್ ಮಾಡಿಸಿ, ನಂತರ ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸಿ, ಪೊಲೀಸ್ ದೂರು ಕೊಟ್ಟ ಮೇಲೆ ಕೇಂದ್ರ ಸರ್ಕಾರದ ಸಂಚಾರ ಸಾಥಿ ಜಾಲತಾಣದಲ್ಲಿ ಫೋನನ್ನೇ ಬ್ಲಾಕ್ ಮಾಡಬಹುದು.

ತಪ್ಪು ಅಂಗಡಿಗೆ ಅಥವಾ ಹೆಚ್ಚು ದುಡ್ಡು ಹೋಗಿದ್ದರೆ ಅಲ್ಲೇ ನಿಂತು ಮಾತಾಡಿ. ಪಡೆದವರ ಒಪ್ಪಿಗೆ ಇಲ್ಲದೆ ಬ್ಯಾಂಕ್ ಸುಮ್ಮನೆ ಎಳೆದುಕೊಡಲಾರದು. ಅದಾಗದಿದ್ದರೆ ಆ್ಯಪಿನಲ್ಲಿ ಅದೇ ಪಾವತಿಯ ಸಾಲನ್ನು ತೆರೆದು ದೂರು ದಾಖಲಿಸಿ, ಯುಟಿಆರ್ ಸಮೇತ ಬ್ಯಾಂಕಿಗೆ ಬರಹದಲ್ಲಿ ಕೊಟ್ಟು, ದೂರಿನ ನಂಬರ್ ಪಡೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿ ಎನಿಸದಿದ್ದರೂ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ಹೇಗೆಂದು ತಿಳಿಯಲು 14448ಕ್ಕೆ ಕರೆ ಮಾಡಿ.