ಕ್ಯಾಮೆರಾದಲ್ಲಿ ಪ್ರೊಜೆಕ್ಟರ್ ಬೆಳಕು ಮಿನುಗುತ್ತಿದೆಯೇ? ಸರಿಪಡಿಸುವುದು ಹೀಗೆ

ಪ್ರೊಜೆಕ್ಟರ್‌ನಿಂದ ಪರದೆಯ ಮೇಲೆ ಬಿದ್ದ ಪಟ್ಟೆಗಳು ಕಣ್ಣಿಗೆ ಅಲುಗದೆ ನಿಂತಿರುತ್ತವೆ. ಅವನ್ನೇ ಕ್ಯಾಮೆರಾದಲ್ಲಿ ಹಿಡಿದರೆ ಒಂದು ಫ್ರೇಮ್ ಬೆಳ್ಳಗೆ, ಮುಂದಿನದು ಮಂಕು. ಕೆಲವೊಮ್ಮೆ ಕಪ್ಪು ಪಟ್ಟಿಯೊಂದು ಮೇಲಿನಿಂದ ಕೆಳಕ್ಕೆ ಜಾರುತ್ತಿರುತ್ತದೆ. ಹೊಸ ಕ್ಯಾಮೆರಾ ಕೊಳ್ಳಲು ಹೊರಡಬೇಡಿ. ಬಹುಪಾಲು ಎರಡೂ ಉಪಕರಣಗಳು ಚೆನ್ನಾಗಿಯೇ ಇರುತ್ತವೆ, ಅವುಗಳ ನಡುವೆ ತಾಳ ತಪ್ಪಿರುತ್ತದೆ.

ಡಿಎಲ್‌ಪಿ ಎಂಬ ಬಗೆಯ ಪ್ರೊಜೆಕ್ಟರ್‌ನ ಚಿಪ್ ಮೇಲೆ ಲಕ್ಷಾಂತರ ಸೂಕ್ಷ್ಮ ಕನ್ನಡಿಗಳಿವೆ. ಪ್ರತಿ ಕನ್ನಡಿಗೂ ಎರಡೇ ಕೆಲಸ: ಬೆಳಕನ್ನು ಪರದೆಗೆ ಕಳಿಸುವುದು, ಇಲ್ಲವೇ ಬದಿಗೆ ತಿರುಗಿಸುವುದು. ಬೂದು ಬಣ್ಣ ಬೇಕಾದರೆ ಕನ್ನಡಿ ಫ್ರೇಮಿನ ಅವಧಿಯ ಒಂದು ಪಾಲು ಮಾತ್ರ ಪರದೆಯತ್ತ ವಾಲಿರುತ್ತದೆ, ಅದೂ ತುಂಡು ತುಂಡಾಗಿ. ಒಂದೇ ಚಿಪ್ಪಿನ ಸಾಮಾನ್ಯ ಪ್ರೊಜೆಕ್ಟರುಗಳಲ್ಲಿ ಕೆಂಪು, ಹಸಿರು, ನೀಲಿಯೂ ಸರದಿಯಲ್ಲೇ ಬರುತ್ತವೆ. 60 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಫ್ರೇಮ್ ಇದ್ದಾಗ, ಇಷ್ಟೆಲ್ಲ ನಡೆಯುವುದು 16.67 ಮಿಲಿಸೆಕೆಂಡಿನೊಳಗೆ. ಕಣ್ಣು ಅದನ್ನು ಒಟ್ಟುಗೂಡಿಸಿ ನೋಡುತ್ತದೆ. 4 ಮಿಲಿಸೆಕೆಂಡು ತೆರೆಯುವ ಶಟರ್‌ಗೆ ಸಿಕ್ಕುವುದು ಒಂದು ಚೂರು, ಪ್ರತಿ ಸಲವೂ ಬೇರೆ ಚೂರು.

ಮೊದಲು ಕ್ಯಾಮೆರಾದ ಆಟೊ ಎಕ್ಸ್‌ಪೋಷರ್ (ಶಟರ್ ತೆರೆದಿರುವ ಹೊತ್ತು), ಆಟೊ ಗೇನ್ (ಸೆನ್ಸರ್ ಸಂಕೇತದ ವರ್ಧನೆ), ವೈಟ್ ಬ್ಯಾಲೆನ್ಸ್ (ಬಣ್ಣದ ಸಮತೋಲ) ಮೂರನ್ನೂ ಮ್ಯಾನುಯಲ್‌ಗೆ ತನ್ನಿ. ಪ್ರೊಜೆಕ್ಟರ್ ಆಫ್ ಮಾಡಿ, ಕೋಣೆಯ ದೀಪದಲ್ಲಷ್ಟೇ ಚಿತ್ರೀಕರಿಸಿ. ಆಗಲೂ ಮಿನುಗಿದರೆ ತಪ್ಪು ದೀಪದ್ದು. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಅನೇಕ ದೀಪಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ದೀಪ ಆರಿಸಿ ಮುಂದುವರಿಯಿರಿ.

ಈಗ ಒಂದೇ ಸಮನೆಯ ಬೂದು ಚಿತ್ರ ಹಾಕಿ ನೂರು ಫ್ರೇಮ್ ತೆಗೆದು, ಪ್ರತಿಯೊಂದರ ಸರಾಸರಿ ಹೊಳಪನ್ನು ಸಾಲಾಗಿ ಬರೆದುಕೊಳ್ಳಿ. ಈ ಬೇಸರದ ಕೆಲಸವನ್ನು ದಯವಿಟ್ಟು ಬಿಡಬೇಡಿ, ರೋಗ ಗೊತ್ತಾಗುವುದು ಇಲ್ಲೇ. ಅಂಕಿಗಳು ಪ್ರತಿ ಐದು ಫ್ರೇಮಿಗೊಮ್ಮೆ ಮರುಕಳಿಸಿದರೆ ಕ್ಯಾಮೆರಾ 50ರಲ್ಲಿ, ಪ್ರೊಜೆಕ್ಟರ್ 60ರಲ್ಲಿ ಓಡುತ್ತಿರಬಹುದು: ಕ್ಯಾಮೆರಾದ ಐದು ಫ್ರೇಮ್, ಪ್ರೊಜೆಕ್ಟರ್‌ನ ಆರು ಫ್ರೇಮ್, ಎರಡೂ 100 ಮಿಲಿಸೆಕೆಂಡು.

ಮದ್ದು ಸರಳ. ಎಕ್ಸ್‌ಪೋಷರ್ ಅನ್ನು 1/60 ಅಥವಾ 1/30 ಸೆಕೆಂಡಿಗೆ, ಅಂದರೆ ಪ್ರೊಜೆಕ್ಟರ್ ಫ್ರೇಮಿನ ಪೂರ್ಣ ಗುಣಕಕ್ಕೆ ಇಡಿ. 1/50 ಬೇಡ, ಅದು 1.2 ಫ್ರೇಮ್ ಆಗುತ್ತದೆ. ಬೆಳಕು ಹೆಚ್ಚಾಯಿತೆಂದು ಶಟರ್ ವೇಗ ಹೆಚ್ಚಿಸಿದಿರೋ, ಮತ್ತೆ ಮೊದಲಿನ ಕಥೆ. ಲೆನ್ಸಿನ ಅಪರ್ಚರ್ ಕಿರಿದು ಮಾಡಿ.

ಪ್ರೊಜೆಕ್ಟರ್ ತೋರಿಸುವ ಪಟ್ಟೆಗಳ ವಿನ್ಯಾಸಗಳು ಒಂದರ ಹಿಂದೊಂದು ಬದಲಾಗುತ್ತಿದ್ದರೆ ಇಷ್ಟು ಸಾಲದು. ಪ್ರೊಜೆಕ್ಟರ್‌ನ ಟ್ರಿಗರ್ ಔಟ್ (ಸಂಕೇತ ಹೊರಡುವ ಕಿಂಡಿ) ಅನ್ನು ಕ್ಯಾಮೆರಾದ ಟ್ರಿಗರ್ ಇನ್‌ಗೆ (ಶಟರ್ ತೆರೆಯುವ ಸಂಕೇತ ಪಡೆಯುವ ಕಿಂಡಿ) ಜೋಡಿಸಿ. ವೋಲ್ಟೇಜ್ ಹೊಂದುತ್ತದೆಯೇ ಎಂದು ಮೊದಲೇ ನೋಡಿ. ಪ್ರತಿ ವಿನ್ಯಾಸವನ್ನು ಎರಡು ಫ್ರೇಮ್ ನಿಲ್ಲಿಸಿ, ಒಂದು ಫ್ರೇಮಿನಷ್ಟು ಎಕ್ಸ್‌ಪೋಷರ್ ಕೊಟ್ಟರೆ ಸೆನ್ಸರ್ ಓದಿ ಮುಗಿಸಲು ಬಿಡುವು ಸಿಗುತ್ತದೆ. ಇಡೀ ಚಿತ್ರವನ್ನು ಒಟ್ಟಿಗೇ ಹಿಡಿಯುವ ಗ್ಲೋಬಲ್ ಶಟರ್ ಕ್ಯಾಮೆರಾ ಇದ್ದರೆ ಅದನ್ನೇ ಬಳಸಿ. ರೋಲಿಂಗ್ ಶಟರ್ ಸಾಲು ಸಾಲಾಗಿ ಓದುವುದರಿಂದ ಮೇಲೊಂದು, ಕೆಳಗೊಂದು ವಿನ್ಯಾಸ ಬೆರೆಯಬಹುದು.

ಕೊನೆಯ ಪರೀಕ್ಷೆಗೆ ಪ್ರತಿ ವಿನ್ಯಾಸದ ಮೂಲೆಯಲ್ಲೂ ಅದರ ಕ್ರಮಸಂಖ್ಯೆ ಬರೆಯಿರಿ. ಸೆರೆಯಾದ ಫ್ರೇಮಿನಲ್ಲಿ 3ರ ಬೆನ್ನಿಗೆ ಮಸುಕಾದ 4 ಅಂಟಿಕೊಂಡಿದ್ದರೆ ಶಟರ್ ತಡವಾಗಿ ತೆರೆದಿದೆ, ಟ್ರಿಗರ್ ವಿಳಂಬ (ಸಂಕೇತ ಬಂದ ಮೇಲೆ ಶಟರ್ ತೆರೆಯಲು ಕಾಯುವ ಹೊತ್ತು) ಕಡಿಮೆ ಮಾಡಿ. 2 ಇಣುಕುತ್ತಿದ್ದರೆ ಹೆಚ್ಚಿಸಿ. ಒಂಟಿ 3 ಸ್ಪಷ್ಟವಾಗಿ ಉಳಿಯುವವರೆಗೆ 100 ಮೈಕ್ರೊಸೆಕೆಂಡಿನಂತೆ ಹೊಂದಿಸುತ್ತಾ ಹೋಗಿ.