ತೋಳಿನ ಬಣ್ಣ ಬೇರೆಯಾದ ಮೇಲೆ ಲೇಬಲ್ ಓದತೊಡಗಿದೆ

ತಂಗಿಯ ಮಗಳ ತೊಟ್ಟಿಲು ಕಾರ್ಯಕ್ಕೆ ಸ್ವೆಟರ್, ಕುಲಾಯಿ, ಕಾಲುಚೀಲ ಹೆಣೆಯಲು ಕೂತಿದ್ದೆ. ಬೀದರ್‌ನ ಅಂಗಡಿಯಿಂದ ತಿಳಿ ಹಳದಿ ಉಲ್ಲನ್ ನಾಲ್ಕು ಉಂಡೆ ತಂದಿದ್ದೆ. ಬಲತೋಳಿನ ಅರ್ಧಕ್ಕೆ ಬರುವಾಗ ದಾರ ಮುಗಿಯಿತು. ಮತ್ತೆ ಅದೇ ಅಂಗಡಿಗೆ ಹೋಗಿ, ಅದೇ ಕಂಪನಿಯ, ಅದೇ ಶೇಡ್ ನಂಬರಿನ ಉಂಡೆ ತಂದೆ. ರಾತ್ರಿ ಟ್ಯೂಬ್‌ಲೈಟ್ ಬೆಳಕಿನಲ್ಲಿ ಏನೂ ಗೊತ್ತಾಗಲಿಲ್ಲ. ಮರುದಿನ ಕಲಬುರಗಿಯಲ್ಲಿ ತಂಗಿಯ ಮನೆ ಅಂಗಳದ ಬಿಸಿಲಿಗೆ ಹಿಡಿದಾಗ ಅವಳೇ ಮೊದಲು ಕೇಳಿದಳು: "ಅಕ್ಕಾ, ಈ ತೋಳು ಬ್ಯಾರೆ ದಾರದ್ದದ ಏನು?"

ಮೊಣಕೈಯಿಂದ ಕೆಳಗೆ ಹಳದಿ ಬೇರೆಯೇ ಇತ್ತು. ಇಪ್ಪತ್ತು ದಿನದ ಕೆಲಸ ಅದು. ನನಗೆ ಅಳುವೇ ಬಂತು.

ನಮ್ಮ ಪಕ್ಕದ ಮನೆಯಲ್ಲಿ ಆಗ ಏರ್‌ಫೋರ್ಸ್‌ನವರ ಕುಟುಂಬ ಬಾಡಿಗೆಗಿತ್ತು. ಪಂಜಾಬಿನವರು. ಆ ಭಾಭಿಗೆ ಕಡ್ಡಿ ಹಿಡಿದರೆ ಕಣ್ಣು ಮುಚ್ಚಿಯೂ ಹೆಣೆಯಲು ಬರುತ್ತಿತ್ತು. ಅವರು ಸ್ವೆಟರ್ ನೋಡಲೇ ಇಲ್ಲ, "ಲೇಬಲ್ ಎಲ್ಲಿದೆ?" ಎಂದು ಹಿಂದಿಯಲ್ಲಿ ಕೇಳಿದರು. ನಾನು ಕಿತ್ತು ಎಸೆದಿದ್ದೆ. ಕೊನೆಯ ಉಂಡೆಯದು ಮಾತ್ರ ಚೀಲದ ತಳದಲ್ಲಿ ಸಿಕ್ಕಿತು. ಶೇಡ್ ನಂಬರಿನ ಪಕ್ಕದಲ್ಲೇ ಇನ್ನೊಂದು ನಂಬರ್ ಇತ್ತು. ಅದು ಲಾಟ್ ನಂಬರ್.

ಶೇಡ್ ನಂಬರ್ ಎಂದರೆ ಆ ಬಣ್ಣದ ಹೆಸರಿದ್ದ ಹಾಗೆ. ಲಾಟ್ ನಂಬರ್ ಎಂದರೆ ಯಾವ ಸಲ ಬಣ್ಣದಲ್ಲಿ ಅದ್ದಿದ್ದು ಅಂತ. ಮನೆಯಲ್ಲಿ ಒಂದೇ ಅಳತೆ ಹಾಕಿ ಮಾಡಿದರೂ ಇವತ್ತಿನ ಸಾರಿನ ಬಣ್ಣ ನಾಳೆ ಬರುವುದಿಲ್ಲ, ಅಲ್ವಾ? ದಾರಕ್ಕೂ ಹಾಗೆಯೇ. ಅಂದಿನಿಂದ ನಾನು ಅಂಗಡಿಯಲ್ಲಿ ಎಲ್ಲ ಉಂಡೆಯ ಲಾಟ್ ನಂಬರ್ ಒಂದೊಂದಾಗಿ ನೋಡುತ್ತೇನೆ. ಅಂಗಡಿಯವರು ಗಡಿಬಿಡಿ ಮಾಡಿದರೂ ಬಿಡುವುದಿಲ್ಲ. ಆಮೇಲೆ ಬಾಗಿಲಿಗೆ ಬಂದು ಹಗಲ ಬೆಳಕಿನಲ್ಲಿ ಒಮ್ಮೆ ಹೋಲಿಸುತ್ತೇನೆ.

ಇನ್ನು ದಾರ ಕಡಿಮೆ ಬಿದ್ದದ್ದು ಯಾಕೆ? ನಾನು ಗ್ರಾಂ ಲೆಕ್ಕ ಹಿಡಿದಿದ್ದೆ. ಬಹಳ ಜನ ಎಡವುವುದು ಇಲ್ಲೇ. ನಾವು ಹೆಣೆಯುವುದು ಉದ್ದವನ್ನು, ತೂಕವನ್ನಲ್ಲ. ನನ್ನ ಹತ್ತಿರ ಎರಡು ಲೇಬಲ್ ಇವೆ, ಎರಡೂ 50 ಗ್ರಾಂ ಉಂಡೆಯವು. ಅಕ್ರಿಲಿಕ್‌ನದ್ದರಲ್ಲಿ 115 ಮೀಟರ್ ಇದೆ, ಹತ್ತಿ ದಾರದ್ದರಲ್ಲಿ 85 ಮೀಟರ್. ದಪ್ಪ ಹೆಚ್ಚುಕಡಿಮೆ ಒಂದೇ. ಹತ್ತಿ ಭಾರ, ಅದಕ್ಕೆ ಅಷ್ಟೇ ತೂಕದಲ್ಲಿ ದಾರ ಕಡಿಮೆ ಬರುತ್ತದೆ. ಒಂದು ಸ್ವೆಟರ್‌ಗೆ 900 ಮೀಟರ್ ಬೇಕು ಎಂದಿದ್ದರೆ 900ನ್ನು 115ರಿಂದ ಭಾಗಿಸಿ. 7.8 ಬರುತ್ತದೆ, ಅಂದರೆ ಎಂಟು ಉಂಡೆ. ನಾನು ಒಂಬತ್ತು ತರುತ್ತೇನೆ. ಅದೇ ಸ್ವೆಟರ್ ಆ ಹತ್ತಿ ದಾರದಲ್ಲಾದರೆ ಹನ್ನೊಂದು ಬೇಕು. ಇನ್ನೊಂದು ಮಾತು. ಅಷ್ಟೇ ಜಾಗ ತುಂಬಲು ಕ್ರೋಶಾ ಕೆಲಸ ಕಡ್ಡಿ ಹೆಣಿಗೆಗಿಂತ ಜಾಸ್ತಿ ದಾರ ತಿನ್ನುತ್ತದೆ. ಬಾಗಿಲ ತೋರಣ ಮಾಡುವವರು ಇದನ್ನು ನೆನಪಿಡಬೇಕು.

ಪ್ಲೈ ಎಂಬ ಮಾತು ಅಂಗಡಿಯಲ್ಲಿ ದಿನಾ ಕೇಳುತ್ತೇವೆ. ಎಷ್ಟು ಎಳೆ ಸೇರಿಸಿ ಹುರಿ ಮಾಡಿದ್ದಾರೆ ಎಂಬುದು ಅದರ ಮೂಲ ಅರ್ಥ. 4 ಪ್ಲೈ ತೆಳು, 8 ಪ್ಲೈ ಅದಕ್ಕಿಂತ ದಪ್ಪ. ಆದರೆ ಎಳೆಗಳೇ ಸಣ್ಣ ದೊಡ್ಡ ಇರಬಹುದಲ್ಲ. ಹಾಗಾಗಿ ಎರಡು ಕಂಪನಿಯ 4 ಪ್ಲೈ ಒಂದೇ ದಪ್ಪ ಇರಬೇಕೆಂದೇನಿಲ್ಲ. ಕೆಲವು ಲೇಬಲ್ ಮೇಲೆ ಪುಟ್ಟ ಲಡಿಯ ಚಿತ್ರದೊಳಗೆ 0ಯಿಂದ 7ರವರೆಗಿನ ಒಂದು ಅಂಕಿ ಇರುತ್ತದೆ. 0 ಎಂದರೆ ಲೇಸ್ ಮಾಡುವಷ್ಟು ತೆಳು, 7 ಎಂದರೆ ಹಗ್ಗದಷ್ಟು ದಪ್ಪ. ನಮ್ಮ 8 ಪ್ಲೈ ಸುಮಾರಾಗಿ 3ಕ್ಕೆ ಹೊಂದುತ್ತದೆ, ಆ ದಪ್ಪಕ್ಕೆ ಡಿಕೆ, ಅಂದರೆ ಡಬಲ್ ನಿಟಿಂಗ್, ಎಂದೂ ಹೆಸರು.

ಲೇಬಲ್ ಮೇಲೆ ನನಗೆ ಅತಿ ಬೆಲೆಯುಳ್ಳದ್ದು ಎಂದರೆ ಚೌಕಳಿಯ ಚಿತ್ರ. ಅದರ ಸುತ್ತ 10 ಸೆಂಟಿಮೀಟರ್, 22, 30 ಎಂದು ಬರೆದಿರುತ್ತದೆ. ಪಕ್ಕದಲ್ಲಿ ಎರಡು ಕಡ್ಡಿಯ ಚಿತ್ರ, 4 ಮಿಲಿಮೀಟರ್. ಅಂದರೆ 4 ಮಿಲಿಮೀಟರ್ ಕಡ್ಡಿಯಲ್ಲಿ ಹೆಣೆದರೆ 10 ಸೆಂಟಿಮೀಟರ್ ಅಗಲಕ್ಕೆ 22 ಕುಣಿಕೆ, ಅಷ್ಟೇ ಎತ್ತರಕ್ಕೆ 30 ಸಾಲು ಬರುತ್ತವೆ. ಆದರೆ ಅದು ಅವರ ಕೈ, ನಿಮ್ಮ ಕೈ ಅಲ್ಲ. ನನ್ನ ಕೈ ಬಿಗಿ. ಅದೇ ಕಡ್ಡಿಯಲ್ಲಿ ನನಗೆ 25 ಕುಣಿಕೆ ಬಂದವು. ಮೂರೇ ಕುಣಿಕೆ ಅಂತ ಬಿಟ್ಟರೆ ಏನಾಗುತ್ತದೆ ನೋಡಿ. 66 ಸೆಂಟಿಮೀಟರ್ ಸುತ್ತಳತೆಗೆ 145 ಕುಣಿಕೆ ಹಾಕಿದರೆ ನನ್ನ ಕೈಯಲ್ಲಿ ಅದು 58 ಸೆಂಟಿಮೀಟರ್‌ಗೆ ನಿಲ್ಲುತ್ತದೆ. ಮಗುವಿನ ಎದೆಗೆ ಹತ್ತುವುದೇ ಇಲ್ಲ! ಕಡ್ಡಿಯನ್ನು 4.5ಕ್ಕೆ ಬದಲಿಸಿದೆ, ಸರಿಯಾಗಿ 22 ಬಂತು. ಈಗ ಯಾವ ಕೆಲಸಕ್ಕೂ ಮೊದಲು 15 ಸೆಂಟಿಮೀಟರ್ ತುಂಡು ಹೆಣೆದು, ತೊಳೆದು, ಒಣಗಿಸಿ, ನಡುವಿನ 10 ಸೆಂಟಿಮೀಟರ್ ಅಳೆಯುತ್ತೇನೆ. ಅಂಚಿನ ಕುಣಿಕೆ ಎಣಿಸಬಾರದು, ಅವು ಎಳೆದುಕೊಂಡಿರುತ್ತವೆ.

ಕಡ್ಡಿಯ ನಂಬರಿನಲ್ಲೂ ಒಂದು ತೊಡಕಿದೆ. ನಮ್ಮ ಅತ್ತೆಯ ಹಳೆಯ ಕಡ್ಡಿಗಳ ತಲೆಯ ಮೇಲೆ 8, 10, 12 ಎಂದು ಕೆತ್ತಿದೆ. ಅದು ಬ್ರಿಟಿಷ್ ಲೆಕ್ಕ, ನಂಬರ್ ಏರಿದಂತೆ ಕಡ್ಡಿ ತೆಳುವಾಗುತ್ತದೆ. 8 ಎಂದರೆ 4 ಮಿಲಿಮೀಟರ್, 10 ಎಂದರೆ 3.25, 12 ಎಂದರೆ 2.75. ಅಮೆರಿಕದ ಲೆಕ್ಕ ಉಲ್ಟಾ, ಅವರ 8 ಎಂದರೆ 5 ಮಿಲಿಮೀಟರ್. ನಂಬರ್ ಬಿಟ್ಟು ಮಿಲಿಮೀಟರ್ ನೋಡಿ, ಗೊಂದಲವೇ ಇಲ್ಲ.

ತೊಳೆಯುವ ಗುರುತುಗಳನ್ನು ನಾನು ಬಹಳ ವರ್ಷ ಲಕ್ಷ್ಯಕ್ಕೇ ತಗೊಂಡಿರಲಿಲ್ಲ. ಬೋಗುಣಿಯಂಥ ಚಿತ್ರದೊಳಗೆ 30 ಎಂದಿದ್ದರೆ ನೀರು 30 ಡಿಗ್ರಿಗಿಂತ ಬಿಸಿ ಇರಬಾರದು. ಅದರೊಳಗೆ ಕೈ ಇದ್ದರೆ ಕೈಯಲ್ಲೇ ತೊಳೆಯಬೇಕು. ನಮ್ಮ ಕಡೆ ಮೇ ತಿಂಗಳಲ್ಲಿ ಮಾಳಿಗೆ ಮೇಲಿನ ಕಪ್ಪು ಟ್ಯಾಂಕಿನ ನೀರು ಮಧ್ಯಾಹ್ನ ಎಷ್ಟು ಸುಡುತ್ತದೆ ಎಂದು ಎಲ್ಲರಿಗೂ ಗೊತ್ತು. ಚಳಿಗಾಲದ ಬಟ್ಟೆಯನ್ನು ತೊಳೆದು ಎತ್ತಿಡುವುದು ಆಗಲೇ ಅಲ್ವಾ? ಶುದ್ಧ ಉಣ್ಣೆಯ ಮಫ್ಲರ್ ಒಂದನ್ನು ಆ ನಲ್ಲಿ ನೀರಿನಲ್ಲೇ ಉಜ್ಜಿ ತೊಳೆದೆ. ಎಳೆಗಳು ಒಂದಕ್ಕೊಂದು ಗಂಟು ಬಿದ್ದು, ಅದು ಕಂಬಳಿಯ ತುಂಡಿನಂತೆ ಗಟ್ಟಿಯಾಗಿ ಅರ್ಧ ಉದ್ದಕ್ಕೆ ಬಂತು. ಮತ್ತೆ ಸರಿಯಾಗಲೇ ಇಲ್ಲ. ಈಗ ಉಣ್ಣೆಯನ್ನು ಬೆಳಗಿನ ಜಾವ, ತಣ್ಣೀರಿನಲ್ಲಿ, ಉಜ್ಜದೆ ಸುಮ್ನೆ ಒತ್ತಿ ತೊಳೆಯುತ್ತೇನೆ. ಚೌಕದೊಳಗೆ ಅಡ್ಡಗೆರೆ ಇದ್ದರೆ ಹಾಸಿ ಒಣಗಿಸಬೇಕು. ಹಗ್ಗಕ್ಕೆ ಹಾಕಿದರೆ ನೀರಿನ ಭಾರಕ್ಕೆ ಸ್ವೆಟರ್ ಉದ್ದ ಜಗ್ಗುತ್ತದೆ. ಇಸ್ತ್ರಿ ಪೆಟ್ಟಿಗೆಯ ಮೇಲೆ ಕಾಟು ಹಾಕಿದ್ದರೆ ಖಂಡಿತ ಇಸ್ತ್ರಿ ಮಾಡಬೇಡಿ. ಅಕ್ರಿಲಿಕ್‌ಗೆ ಬಿಸಿ ತಾಗಿದರೆ ಜೋತು ಬಿದ್ದು ಹೊಳೆಯತೊಡಗುತ್ತದೆ.

ಯಾವ ದಾರ ಒಳ್ಳೆಯದು ಎಂದು ಹುಡುಗಿಯರು ಕೇಳುತ್ತಾರೆ. ನನ್ನ ಮಟ್ಟಿಗೆ ಕಲಬುರಗಿ, ಯಾದಗಿರಿ ಕಡೆಯ ಕೂಸುಗಳಿಗೆ ಹತ್ತಿ ದಾರವೇ ಸರಿ. ಬೀದರ್‌ನಲ್ಲಿ ಡಿಸೆಂಬರ್, ಜನವರಿಯ ಬೆಳಗಿಗೆ ಉಣ್ಣೆ ಬೇಕಾಗುತ್ತದೆ. ಅಕ್ರಿಲಿಕ್ ತೊಳೆಯಲು ಸುಲಭ, ಬೆಲೆಯೂ ಕಡಿಮೆ. ಆದರೆ ಬೆವರು ಹೀರುವುದಿಲ್ಲ.

ಲೇಬಲ್ ಇಲ್ಲದ ಬಿಡಿ ಲಡಿ ಸಿಕ್ಕಾಗ ಒಂದು ಗೇಣು ದಾರ ಕತ್ತರಿಸಿ, ಇಕ್ಕಳದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಸುಟ್ಟು ನೋಡುತ್ತೇನೆ. ಹತ್ತಿ ಕಾಗದದ ಹಾಗೆ ಉರಿದು ಮೆತ್ತನೆ ಬೂದಿಯಾಗುತ್ತದೆ. ಉಣ್ಣೆ ಕೂದಲು ಸುಟ್ಟ ವಾಸನೆ ಬೀರಿ ತಾನೇ ಆರುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಈಗ ನನ್ನ ಹತ್ತಿರ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಪ್ರತಿ ಕೆಲಸದ ಲೇಬಲ್ ಅಂಟಿಸಿ, ಪಕ್ಕದಲ್ಲಿ ಒಂದು ಗೇಣು ದಾರ ಕಟ್ಟಿ, ಯಾರಿಗೆ ಹೆಣೆದೆ, ಯಾವ ಕಡ್ಡಿ, ಎಷ್ಟು ಉಂಡೆ ಹಿಡಿಯಿತು ಎಂದು ಬರೆಯುತ್ತೇನೆ. ಸ್ವೆಟರ್ ಯಾರಿಗಾದರೂ ಕೊಡುವಾಗ ಒಂದು ಲೇಬಲ್ ಅವರಿಗೂ ಕೊಡುತ್ತೇನೆ, ತೊಳೆಯುವವರು ಅವರೇ ತಾನೆ.

ಈ ಸಲ ತಂಗಿಯ ಎರಡನೇ ಮಗುವಿಗೆ ಹೆಣೆಯುತ್ತಿದ್ದೇನೆ. ಅಂಗಡಿಯಲ್ಲಿ ಒಂದೇ ಲಾಟಿನ ಉಂಡೆ ಬೇಕಾದಷ್ಟು ಸಿಗಲಿಲ್ಲ, ಮೂರು ಒಂದು ಲಾಟು, ಎರಡು ಇನ್ನೊಂದು. ಭಾಭಿ ಊರಿಗೆ ಹೋಗುವ ಮೊದಲು ಹೇಳಿಕೊಟ್ಟದ್ದನ್ನೇ ಮಾಡುತ್ತಿದ್ದೇನೆ. ಎರಡೂ ಲಾಟಿನ ದಾರ ಇಟ್ಟುಕೊಂಡು ಎರಡು ಸಾಲು ಇದರಲ್ಲಿ, ಎರಡು ಸಾಲು ಅದರಲ್ಲಿ. ಬೆನ್ನಿನ ಭಾಗ ಮುಗಿದಿದೆ. ಬೆಳಿಗ್ಗೆ ಮಾಳಿಗೆಗೆ ಒಯ್ದು ಬಿಸಿಲಿಗೆ ಹಿಡಿದು ನೋಡಿದೆ. ಯಾವ ಸಾಲು ಯಾವ ಲಾಟಿನದು ಎಂದು ನನಗೇ ಗುರುತು ಸಿಗಲಿಲ್ಲ.